ರಕ್ತ ಮರಳಿ ಹರಿದ ಮೇಲೂ ಆರದ ಉರಿ

ಹೋದ ವರ್ಷದ ಮಾಗಿಯಲ್ಲಿ ಒಂದು ಬೆಳಿಗ್ಗೆ ಅಮ್ಮ ಒಲೆಯ ಮುಂದೆ ನಿಂತು ಹಾಲು ಇಳಿಸುತ್ತಿದ್ದಾಗ ಅವರ ಎಡಗೈಯಿಂದ ಪಾತ್ರೆ ಜಾರಿ ಬಿತ್ತು. ನಾನು ಓಡಿ ಹೋಗುವಷ್ಟರಲ್ಲಿ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಮಾತು ತೊದಲುತ್ತಿತ್ತು, ಎಡಗಾಲಿನ ಮೇಲೆ ಭಾರ ಬಿಡಲು ಆಗುತ್ತಿರಲಿಲ್ಲ. ಪಕ್ಕದ ಮನೆಯ ಹಿರಿಯರು ಬಾಗಿಲಲ್ಲೇ ನಿಂತು ‘ಲಕ್ವ ಹೊಡೆದಿದೆ, ತಡ ಮಾಡಬೇಡಿ’ ಎಂದರು. ಆ ಮಾತು ಅಮ್ಮನನ್ನು ಉಳಿಸಿತೆಂದೇ ನಾನು ನಂಬಿದ್ದೇನೆ. ಏಕೆಂದರೆ ಎರಡು ಗಂಟೆಯೊಳಗೆ ಸಿ.ಟಿ. ಸ್ಕ್ಯಾನ್ ಮುಗಿದು, ಮಿದುಳಿನಲ್ಲಿ ರಕ್ತಸ್ರಾವವಾಗಿಲ್ಲವೆಂದು ಖಚಿತವಾಗಿ, ಹೆಪ್ಪು ಕರಗಿಸುವ ಚುಚ್ಚುಮದ್ದು ಅವರ ರಕ್ತವನ್ನು ಸೇರಿತ್ತು. ಸಂಜೆಯ ಹೊತ್ತಿಗೆ ಎಡಗೈಯ ಬೆರಳುಗಳು ಅಲುಗಿದವು. ಅಪಾಯ ಕಳೆಯಿತೆಂದು ನಾವೆಲ್ಲ ಅಂದುಕೊಂಡೆವು.

ಮೂರನೆಯ ದಿನ ಅಮ್ಮನಿಗೆ ಮಂಪರು ಹತ್ತಿತು. ಕರೆದರೆ ಕಣ್ಣು ಬಿಡುತ್ತಿದ್ದರು, ಮತ್ತೆ ಮುಚ್ಚಿಕೊಳ್ಳುತ್ತಿದ್ದರು. ಮೊದಲ ದಿನ ಅಲುಗಿದ್ದ ಬೆರಳುಗಳು ಮತ್ತೆ ಸುಮ್ಮನಾಗಿದ್ದವು, ಮೈ ಬೆಚ್ಚಗಿತ್ತು. ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿದ ವೈದ್ಯರು ಚಿತ್ರವನ್ನು ಬೆಳಕಿಗೆ ಹಿಡಿದು, ‘ನಾಳವೇನೋ ತೆರೆದುಕೊಂಡಿದೆ, ಆದರೆ ಸುತ್ತ ಊತ ಬಂದಿದೆ, ಇನ್ನೆರಡು ದಿನ ಕಾದು ನೋಡಬೇಕು’ ಎಂದರು. ಪದವಿ ಕಾಲೇಜಿನಲ್ಲಿ ಜೀವರಸಾಯನವನ್ನು ಹದಿನಾರು ವರ್ಷಗಳಿಂದ ಪಾಠ ಮಾಡುತ್ತಿರುವ ನನಗೆ ಆ ಕ್ಷಣದಲ್ಲಿ ಉತ್ತರ ಹೊಳೆಯದ ಪ್ರಶ್ನೆಯೊಂದು ಅಲ್ಲಿ ಹುಟ್ಟಿತು. ರಕ್ತ ನಿಂತದ್ದರಿಂದ ಕೋಶಗಳು ಸತ್ತವು ಎಂಬುದು ಸರಿ. ರಕ್ತ ಮರಳಿ ಹರಿಯತೊಡಗಿ ಎರಡು ದಿನ ಕಳೆದ ಮೇಲೆ ಹಾನಿ ಬೆಳೆಯುವುದು ಏಕೆ? ಅಮ್ಮ ಮನೆಗೆ ಬಂದ ಮೇಲಿನ ಹಲವು ತಿಂಗಳುಗಳ ರಾತ್ರಿಗಳನ್ನು ಈ ಪ್ರಶ್ನೆಯ ಹಿಂದೆ ಓದುತ್ತ ಕಳೆದಿದ್ದೇನೆ. ಓದಿದ್ದರಲ್ಲಿ ನನಗೆ ಅರ್ಥವಾದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಮ್ಮನ ಮಿದುಳಿನಲ್ಲಿ ನಿಖರವಾಗಿ ಏನು ನಡೆಯಿತೆಂದು ಯಾವ ಸ್ಕ್ಯಾನೂ ಹೇಳಲಾರದು. ಇದು ಅಂಥ ಮಿದುಳುಗಳಲ್ಲಿ ಏನು ನಡೆಯುತ್ತದೆ ಎಂಬುದರ ಕುರಿತ ಬರಹ.

ದೇಹದ ತೂಕದಲ್ಲಿ ಶೇ. 2ರಷ್ಟೇ ಇರುವ ಮಿದುಳು ನಾವು ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20ನ್ನು ಬೇಡುತ್ತದೆ, ಮತ್ತು ನಾಳೆಗೆಂದು ಏನನ್ನೂ ಕೂಡಿಟ್ಟುಕೊಳ್ಳುವುದಿಲ್ಲ. ನಾಳವೊಂದು ಕಟ್ಟಿಕೊಂಡಾಗ ರಕ್ತ ಪೂರ್ತಿ ನಿಂತ ಒಳಭಾಗ ಕೆಲವು ನಿಮಿಷಗಳಲ್ಲೇ ಸಾಯುತ್ತದೆ. ಅದರ ಸುತ್ತ, ಅಕ್ಕಪಕ್ಕದ ನಾಳಗಳಿಂದ ಜಿನುಗುವ ಅಲ್ಪ ರಕ್ತದಲ್ಲಿ ಕೆಲಸ ನಿಲ್ಲಿಸಿಯೂ ಜೀವ ಹಿಡಿದುಕೊಂಡಿರುವ ಒಂದು ವಲಯ ಉಳಿಯುತ್ತದೆ. 1977ರಲ್ಲಿ ಆಸ್ಟ್ರಪ್ ಮತ್ತು ಸಂಗಡಿಗರ ಪ್ರಯೋಗಗಳಲ್ಲಿ ಕಾಣಿಸಿಕೊಂಡ ಈ ವಲಯಕ್ಕೆ ಅವರು ಗ್ರಹಣದ ಅರೆನೆರಳಿನ ಹೆಸರನ್ನೇ ಇಟ್ಟರು. ದೊಡ್ಡ ನಾಳ ಕಟ್ಟಿದ ರೋಗಿಗೆ ಚಿಕಿತ್ಸೆ ಸಿಗದಿದ್ದರೆ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂದು 2006ರಲ್ಲಿ ಜೆಫ್ರಿ ಸೇವರ್ ಲೆಕ್ಕ ಹಾಕಿದರು. 1995ರಲ್ಲಿ ಮೂರು ಗಂಟೆಯೊಳಗಿನ ಚುಚ್ಚುಮದ್ದು, 2008ರಲ್ಲಿ ನಾಲ್ಕೂವರೆ ಗಂಟೆಯವರೆಗೆ ಅದರ ವಿಸ್ತರಣೆ, 2015ರಿಂದ ಈಚೆಗೆ ತೆಳುವಾದ ನಳಿಕೆಯನ್ನು ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುವ ವಿಧಾನ, ಇವೆಲ್ಲ ಈ ಅರೆನೆರಳನ್ನು ಉಳಿಸುವ ಓಟ. ಆ ಓಟದಲ್ಲಿ ಗೆದ್ದವರಿಗೂ ಮೂರನೆಯ ದಿನ ಬರುವ ಊತದ ವಿಷಯ ಬೇರೆಯದೇ.

ಅದನ್ನು ತಿಳಿಯಬೇಕಾದರೆ ಕೋಶಗಳು ಸಾಯುವ ಬಗೆಗಳನ್ನು ಬಿಡಿಸಿ ನೋಡಬೇಕು. ಇಂಧನ ಮುಗಿದು, ಪೊರೆಯ ಮೇಲಿನ ಸೋಡಿಯಂ-ಪೊಟ್ಯಾಸಿಯಂ ಪಂಪುಗಳು ನಿಂತು, ನರಕೋಶಗಳ ನಡುವೆ ಸಂದೇಶ ಒಯ್ಯುವ ಗ್ಲುಟಮೇಟ್ ಸುರಿದು, ಕ್ಯಾಲ್ಸಿಯಂ ಒಳನುಗ್ಗಿ ಕೋಶ ಕುಸಿಯುವುದು ಮೊದಲನೆಯ ಬಗೆ. ಇದು ಅಪಘಾತದ ಸಾವು, ನೆಕ್ರೋಸಿಸ್. ಎರಡನೆಯದು ಅಪೊಪ್ಟೋಸಿಸ್: ಕೋಶವು ತನ್ನೊಳಗಿನ ಕಾರ್ಯಕ್ರಮದಂತೆ ಮುದುಡಿ, ಪುಟ್ಟ ಪೊಟ್ಟಣಗಳಾಗಿ ಒಡೆದು, ನೆರೆಯ ಕೋಶಗಳಿಗೆ ಆಹಾರವಾಗುವುದು. 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ಮೂವರು ಇದನ್ನು ವಿವರಿಸಿದಾಗ ಅಬರ್ಡೀನ್ ವಿಶ್ವವಿದ್ಯಾಲಯದ ಗ್ರೀಕ್ ಪ್ರಾಧ್ಯಾಪಕರೊಬ್ಬರು ಮರದಿಂದ ಎಲೆ ಉದುರುವುದನ್ನು ಹೇಳುವ ಈ ಪದವನ್ನು ಸೂಚಿಸಿದರು. ಹಣ್ಣೆಲೆ ತೊಟ್ಟು ಕಳಚಿ ಬಿದ್ದರೆ ಪಕ್ಕದ ಎಲೆಗೆ ಗೊತ್ತಾಗುವುದಿಲ್ಲ; ಇಲ್ಲಿಯೂ ಹಾಗೆಯೇ, ಸದ್ದಿಲ್ಲ, ಸೋರಿಕೆಯಿಲ್ಲ, ಉರಿಯೂತವಿಲ್ಲ.

ಮೂರನೆಯದು ಇವೆರಡರ ನಡುವೆ ನಿಲ್ಲುವಂಥದು. ಅಪೊಪ್ಟೋಸಿಸ್‌ನಂತೆ ಇದಕ್ಕೂ ಒಳಗಿನ ಕಾರ್ಯಕ್ರಮವಿದೆ, ನೆಕ್ರೋಸಿಸ್‌ನಂತೆ ಕೋಶ ಉಬ್ಬಿ ಒಡೆಯುತ್ತದೆ, ಒಡೆಯುವ ಮುನ್ನವೂ ಒಡೆದ ಮೇಲೂ ಸುತ್ತಲಿನ ಕೋಶಗಳಿಗೆ ಅಪಾಯದ ಕೂಗು ಹಾಕುತ್ತದೆ. ಇದರ ಹೆಸರು ಪೈರಾಪ್ಟೋಸಿಸ್. ಬೆಂಕಿ ಅಥವಾ ಜ್ವರವನ್ನು ಹೇಳುವ ಗ್ರೀಕ್ ಮಾತಿಗೆ ‘ಬೀಳುವಿಕೆ’ಯನ್ನು ಜೋಡಿಸಿ ಕಟ್ಟಿದ ಪದ. ಕನ್ನಡದಲ್ಲಿ ಇದಕ್ಕೆ ಒಪ್ಪಿತವಾದ ಪದ ನನಗೆ ಸಿಗಲಿಲ್ಲವಾದ್ದರಿಂದ ಇಲ್ಲಿ ‘ಉರಿಸಾವು’ ಎಂದು ಕರೆಯುತ್ತೇನೆ. ನಮ್ಮ ‘ಉರಿಯೂತ’ ಎಂಬ ಮಾತಿನಲ್ಲಿ ಉರಿಯೂ ಇದೆ, ಊತವೂ ಇದೆ. ರೋಮನ್ ಲೇಖಕ ಸೆಲ್ಸಸ್ ಎರಡು ಸಾವಿರ ವರ್ಷಗಳ ಹಿಂದೆ ಪಟ್ಟಿ ಮಾಡಿದ ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳಲ್ಲಿ ಎರಡನ್ನು ಕನ್ನಡವು ಒಂದೇ ಪದದಲ್ಲಿ ಹಿಡಿದಿಟ್ಟಿದೆ. ಅಮ್ಮನ ಮೂರನೆಯ ದಿನವೂ ಆ ಎರಡು ಅಕ್ಷರಶಃ ಅರ್ಥಗಳಲ್ಲೇ ಇತ್ತು.

ಉರಿಸಾವಿನ ಕಥೆ ಮಿದುಳಿನಿಂದ ಆರಂಭವಾದದ್ದಲ್ಲ, ರಕ್ತಭೇದಿಯಿಂದ. 1992ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಜಿಕ್ಲಿನ್ಸ್ಕಿ ಮತ್ತು ಸಂಗಡಿಗರು ಶಿಗೆಲ್ಲ ಎಂಬ ಭೇದಿಯ ರೋಗಾಣುವು ತನ್ನನ್ನು ನುಂಗಿದ ಮ್ಯಾಕ್ರೊಫೇಜ್ ಎಂಬ ರಕ್ಷಕ ಕೋಶಗಳನ್ನು ಕೊಲ್ಲುವುದನ್ನು ಕಂಡರು. ಅಂದು ಅದನ್ನು ಅಪೊಪ್ಟೋಸಿಸ್ ಎಂದೇ ಎಣಿಸಿದರು. ಇದು ಬೇರೆಯದೇ ಸಾವು, ಉರಿಯೂತವನ್ನು ಹಚ್ಚುವ ಸಾವು ಎಂದು ಬಿಡಿಸಿ ಹೇಳಿ 2001ರಲ್ಲಿ ಅದಕ್ಕೆ ಹೆಸರಿಟ್ಟವರು ಸಿಯಾಟಲ್‌ನ ಕುಕ್ಸನ್ ಮತ್ತು ಬ್ರೆನನ್. ಮರುವರ್ಷವೇ ಸ್ವಿಟ್ಜರ್ಲೆಂಡಿನ ಯೂರ್ಗ್ ಚೋಪ್ ಅವರ ಗುಂಪು ಈ ಸಾವಿಗೆ ಅಪ್ಪಣೆ ಕೊಡುವ ಪ್ರೋಟೀನುಗಳ ಜೋಡಣೆಯನ್ನು ಗುರುತಿಸಿ ಅದಕ್ಕೆ ಇನ್‌ಫ್ಲಮಸೋಮ್ ಎಂದು ಹೆಸರಿಟ್ಟಿತು. ಆದರೆ ಕೋಶವನ್ನು ನಿಜವಾಗಿ ಕೊಲ್ಲುವ ಆಯುಧ ಯಾವುದು ಎಂಬುದು ಇನ್ನೂ ಹದಿಮೂರು ವರ್ಷ ಗೂಢವಾಗಿಯೇ ಉಳಿಯಿತು. 2015ರಲ್ಲಿ ಬೀಜಿಂಗ್‌ನ ಫೆಂಗ್ ಶಾವ್ ಅವರ ಪ್ರಯೋಗಾಲಯ ಮತ್ತು ಜೆನೆನ್‌ಟೆಕ್ ಕಂಪನಿಯಲ್ಲಿ, ಕೆನ್ಯಾದಲ್ಲಿ ಹುಟ್ಟಿದ ಭಾರತೀಯ ಮೂಲದ ವಿಶ್ವ ದೀಕ್ಷಿತ್ ಅವರ ಗುಂಪು, ಎರಡೂ ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬಂದವು: ಗ್ಯಾಸ್ಡರ್ಮಿನ್ ಡಿ ಎಂಬ ಪ್ರೋಟೀನ್.

ಈ ಯಂತ್ರ ಕೆಲಸ ಮಾಡುವ ರೀತಿಯನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ, ಏಕೆಂದರೆ ಪಾರ್ಶ್ವವಾಯುವಿನಲ್ಲಿ ಆಗುವ ಅನಾಹುತದ ಬೀಗದ ಕೈ ಇಲ್ಲಿದೆ. ಮಿದುಳಿನ ಕಾವಲುಗಾರ ಕೋಶಗಳಾದ ಮೈಕ್ರೊಗ್ಲಿಯಗಳು ಸದಾ ತಮ್ಮ ಕವಲುಗಳನ್ನು ಚಾಚಿ ಸುತ್ತಲನ್ನು ಮುಟ್ಟಿ ನೋಡುತ್ತಿರುತ್ತವೆ. ಹೆಪ್ಪಿನ ಹಿಂದಿನ ಒಳಭಾಗದಲ್ಲಿ ನರಕೋಶಗಳು ಒಡೆದಾಗ, ಕೋಶದೊಳಗೆ ಮಾತ್ರ ಇರಬೇಕಾದ ಎಟಿಪಿ ಎಂಬ ಇಂಧನದ ಅಣು, ಎಚ್‌ಎಂಜಿಬಿ1 ಎಂಬ ಪ್ರೋಟೀನ್, ಡಿಎನ್‌ಎ ತುಣುಕುಗಳು ಹೊರಗೆ ಚೆಲ್ಲುತ್ತವೆ. ಮೈಕ್ರೊಗ್ಲಿಯದ ಮಟ್ಟಿಗೆ ಇದು ಮೊದಲ ಸೂಚನೆ; ಅದು ಎಚ್ಚೆತ್ತು, ಉರಿಯೂತದ ಸಂದೇಶ ಒಯ್ಯುವ ಇಂಟರ್‌ಲ್ಯೂಕಿನ್-1 ಬೀಟಾದ ಇನ್ನೂ ಹರಿತವಾಗದ ರೂಪವನ್ನೂ, ಎನ್‌ಎಲ್‌ಆರ್‌ಪಿ3 ಎಂಬ ಸಂವೇದಕ ಪ್ರೋಟೀನನ್ನೂ ತಯಾರಿಸಿ ಇಟ್ಟುಕೊಳ್ಳುತ್ತದೆ. ಮದ್ದು ತುಂಬಿದ್ದಾಯಿತು, ಇನ್ನೂ ಬತ್ತಿ ಹಚ್ಚಿಲ್ಲ. ಎರಡನೆಯ ಸೂಚನೆಗಳಲ್ಲಿ ಮುಖ್ಯವಾದದ್ದು ಕೋಶದಿಂದ ಪೊಟ್ಯಾಸಿಯಂ ಸೋರಿಹೋಗುವುದು. ಹೊರಗೆ ಚೆಲ್ಲಿದ ಎಟಿಪಿಯು ಪಿ2ಎಕ್ಸ್7 ಎಂಬ ಬಾಗಿಲನ್ನು ತೆರೆದಾಗ ಪೊಟ್ಯಾಸಿಯಂ ಹೊರಹರಿಯುತ್ತದೆ, ಎನ್‌ಎಲ್‌ಆರ್‌ಪಿ3 ಮಡಿಕೆ ಬಿಚ್ಚಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಎಎಸ್‌ಸಿ ಎಂಬ ನಡುವಣ ಪ್ರೋಟೀನ್ ಅದರ ಮೇಲೆ ಸರಪಳಿಯಾಗಿ ಬೆಳೆದು ಕೋಶದಲ್ಲಿ ಒಂದೇ ಒಂದು ಚುಕ್ಕೆಯಾಗಿ ಗಟ್ಟಿಯಾಗುತ್ತದೆ, ಆ ಚುಕ್ಕೆಯ ಮೇಲೆ ಕ್ಯಾಸ್ಪೇಸ್-1 ಎಂಬ ಕಿಣ್ವ ಜೀವ ತಳೆಯುತ್ತದೆ. ಇಂಥ ಜೋಡಣೆಯೇ ಇನ್‌ಫ್ಲಮಸೋಮ್.

ಕ್ಯಾಸ್ಪೇಸ್-1 ಒಂದು ಕತ್ತರಿ. ಅದು ಇಂಟರ್‌ಲ್ಯೂಕಿನ್‌ನ ಮೊಂಡು ತುದಿಯನ್ನು ಕತ್ತರಿಸಿ ಅದನ್ನು ಹರಿತಗೊಳಿಸುತ್ತದೆ. ಅದೇ ಹೊತ್ತಿಗೆ ಗ್ಯಾಸ್ಡರ್ಮಿನ್ ಡಿ ಪ್ರೋಟೀನನ್ನು ಎರಡು ಭಾಗ ಮಾಡುತ್ತದೆ. ಅದುವರೆಗೂ ಅದರ ಹಿಂಭಾಗವು ಮುಂಭಾಗವನ್ನು ಹಿಡಿದು ನಿಲ್ಲಿಸಿರುತ್ತದೆ. ಬಿಡುಗಡೆಯಾದ ಮುಂಭಾಗಗಳು ಕೋಶದ ಪೊರೆಯ ಒಳಮೈಗೆ ಹೋಗಿ ಅಂಟಿ, ಮೂವತ್ತಕ್ಕೂ ಹೆಚ್ಚು ತುಣುಕುಗಳು ವೃತ್ತವಾಗಿ ಸೇರಿ ಪೊರೆಯನ್ನು ತೂತು ಮಾಡುತ್ತವೆ. 2021ರಲ್ಲಿ ಪ್ರಕಟವಾದ ಅತಿಶೀತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಈ ತೂತಿನ ಒಳವ್ಯಾಸ ಸುಮಾರು 21 ನ್ಯಾನೊಮೀಟರ್. ಹರಿತಗೊಂಡ ಇಂಟರ್‌ಲ್ಯೂಕಿನ್ ಅದರ ಮೂಲಕ ಹೊರಗೆ ಹೋಗುತ್ತದೆ, ಸೋಡಿಯಂ ಮತ್ತು ನೀರು ಒಳಗೆ ಬರುತ್ತವೆ, ಕೋಶ ಉಬ್ಬುತ್ತದೆ. ಉಬ್ಬಿದ ಕೋಶ ತಾನಾಗಿಯೇ ಬಲೂನಿನಂತೆ ಒಡೆಯುತ್ತದೆ ಎಂದು ನಾವು ಪಾಠ ಮಾಡುತ್ತಿದ್ದೆವು. ದೀಕ್ಷಿತ್ ಅವರ ಗುಂಪೇ 2021ರಲ್ಲಿ ಅದೂ ತಪ್ಪೆಂದು ತೋರಿಸಿತು: ಕೊನೆಯ ಸೀಳಿಗೂ ನಿಂಜುರಿನ್-1 ಎಂಬ ಬೇರೊಂದು ಪ್ರೋಟೀನ್ ಬೇಕು. ಆ ಪ್ರಬಂಧವನ್ನು ಓದಿದ ಮೇಲೆ ನನ್ನ ಹಳೆಯ ಟಿಪ್ಪಣಿಯ ಆ ಪುಟವನ್ನು ಹರಿದು ಹೊಸದಾಗಿ ಬರೆದೆ.

ಪೊರೆ ಸೀಳಿದ ಮೇಲೆ ದೊಡ್ಡ ಅಣುಗಳೆಲ್ಲ ಹೊರಬೀಳುತ್ತವೆ. ಅವು ಮುಂದಿನ ಮೈಕ್ರೊಗ್ಲಿಯಕ್ಕೆ ಮೊದಲ ಸೂಚನೆಯಾಗುತ್ತವೆ. ಎಎಸ್‌ಸಿ ಚುಕ್ಕೆ ಕೂಡ ಕೋಶದೊಡನೆ ಸಾಯುವುದಿಲ್ಲ. ಹೊರಗೆ ಬಿದ್ದು ಕೆಲಸ ಮುಂದುವರಿಸುತ್ತದೆ, ಅದನ್ನು ನುಂಗಿದ ಕೋಶದಲ್ಲಿಯೂ ಹೊಸ ಚುಕ್ಕೆಯನ್ನು ಹುಟ್ಟಿಸುತ್ತದೆ. ಸುಗ್ಗಿಯಲ್ಲಿ ಒಂದು ಬಣವೆಗೆ ಹತ್ತಿದ ಬೆಂಕಿಯ ಕಿಡಿ ಗಾಳಿಗೆ ಹಾರಿ ಮುಂದಿನ ಬಣವೆಯ ಮೇಲೆ ಬೀಳುವುದನ್ನು ಕಂಡವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ.

ಇಂಥ ಯಂತ್ರವನ್ನು ದೇಹ ಇಟ್ಟುಕೊಂಡದ್ದಾದರೂ ಏಕೆ? ಶಿಗೆಲ್ಲ ಅಥವಾ ಸಾಲ್ಮೊನೆಲ್ಲ ಕೋಶದೊಳಗೆ ಅಡಗಿ ಕುಳಿತು ಮರಿ ಹಾಕುತ್ತಿದ್ದರೆ ಕೋಶ ತನ್ನನ್ನೇ ಒಡೆದುಕೊಂಡು ಅದನ್ನು ಬಯಲಿಗೆ ತಳ್ಳುತ್ತದೆ, ಜ್ವರ ತರಿಸುತ್ತದೆ, ಬಿಳಿ ರಕ್ತಕಣಗಳನ್ನು ಕರೆಸುತ್ತದೆ. ಇಲಿ ಹೆಚ್ಚಾಯಿತೆಂದು ಮನೆಗೆ ಬೆಂಕಿ ಇಟ್ಟಂತೆ ಇದು ಕಾಣಬಹುದು. ಆದರೆ ಕರುಳಿನಲ್ಲಿ ಆ ಮನೆ ಕೆಲವೇ ದಿನಗಳಲ್ಲಿ ಹೊಸದಾಗಿ ಎದ್ದು ನಿಲ್ಲುತ್ತದೆ. ಮಿದುಳಿನಲ್ಲಿ ಆ ಅನುಕೂಲವಿಲ್ಲ. ಸತ್ತ ನರಕೋಶದ ಜಾಗಕ್ಕೆ ಬೇರೊಂದು ಬರುವುದಿಲ್ಲ, ಗಟ್ಟಿ ಬುರುಡೆಯೊಳಗೆ ಊತಕ್ಕೆ ಜಾಗವೂ ಇಲ್ಲ. ಮಿಗಿಲಾಗಿ, ಪಾರ್ಶ್ವವಾಯುವಿನಲ್ಲಿ ಓಡಿಸಬೇಕಾದ ರೋಗಾಣುವೇ ಇಲ್ಲ. ಒಡೆದ ಸ್ವಂತ ಕೋಶದ ಚೂರುಗಳನ್ನು ಕಾವಲುಗಾರ ಶತ್ರುವಿನ ಗುರುತೆಂದು ಓದುತ್ತಾನೆ. ರೋಗಾಣುಗಳಿಗೆಂದು ರೂಪುಗೊಂಡ ಆಯುಧವು ರೋಗಾಣುವಿಲ್ಲದ ಅಂಗದ ಮೇಲೆ, ಅದೂ ರಕ್ತವಿಲ್ಲದೆ ಬಳಲಿ ಅರೆಜೀವವಾಗಿರುವ ಅರೆನೆರಳಿನ ಮೇಲೆ ಬೀಳುತ್ತದೆ ಎಂಬುದೇ ನನ್ನನ್ನು ಬಹಳ ದಿನ ಕಾಡಿದ ಸಂಗತಿ.

ಇನ್ನು ಊತ. ಹೊರಬಂದ ಇಂಟರ್‌ಲ್ಯೂಕಿನ್-1 ಬೀಟಾ ಮಿದುಳಿನ ನಾಳಗಳ ಒಳಪದರದ ಮೇಲೆ ಅಂಟುವ ಅಣುಗಳನ್ನು ಎಬ್ಬಿಸುತ್ತದೆ. ರಕ್ತದಲ್ಲಿ ಸಾಗುತ್ತಿದ್ದ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಅಲ್ಲಿ ಕಚ್ಚಿಕೊಂಡು ಒಳಗೆ ನುಸುಳುತ್ತವೆ, ಎಂಎಂಪಿ-9 ಎಂಬ ಕಿಣ್ವವನ್ನು ಸುರಿದು ನಾಳದ ಕೋಶಗಳ ನಡುವಿನ ಬಿಗಿಯಾದ ಹೊಲಿಗೆಯನ್ನು ಬಿಚ್ಚುತ್ತವೆ. ಮಿದುಳಿಗೂ ರಕ್ತಕ್ಕೂ ನಡುವೆ ಇದ್ದ ತಡೆಗೋಡೆ ಸಡಿಲವಾಗಿ ರಕ್ತದ ನೀರು, ಪ್ರೋಟೀನುಗಳು ಒಳಗೆ ಬರುತ್ತವೆ. ಇದೆಲ್ಲ ಗಂಟೆಗಳ, ದಿನಗಳ ಕೆಲಸ. ಆದ್ದರಿಂದಲೇ ಊತವು ಎರಡನೆಯ ದಿನದಿಂದ ಐದನೆಯ ದಿನದೊಳಗೆ ತುತ್ತತುದಿಗೆ ಏರುತ್ತದೆ. ನಾಳ ತೆರೆದು ರಕ್ತ ಮರಳಿದಾಗ ಅದರೊಡನೆ ಆಮ್ಲಜನಕವೂ ಬರುತ್ತದೆ, ನ್ಯೂಟ್ರೊಫಿಲ್‌ಗಳೂ ಬರುತ್ತವೆ. ತೆರೆದ ದಾರಿಯಲ್ಲಿ ಎರಡಕ್ಕೂ ಪ್ರವೇಶವಿದೆ. ‘ನಾಳ ತೆರೆದಿದೆ, ಆದರೆ ಊತ ಬಂದಿದೆ’ ಎಂಬ ವೈದ್ಯರ ಮಾತಿನ ಎರಡು ತುಂಡುಗಳ ನಡುವೆ ಇಷ್ಟೆಲ್ಲ ನಡೆದಿರುತ್ತದೆ.

ಇದು ಪಾರ್ಶ್ವವಾಯುವಿನಲ್ಲಿ ನಿಜಕ್ಕೂ ನಡೆಯುತ್ತದೆ ಎನ್ನಲು ಏನು ಆಧಾರ? 2013ರಲ್ಲಿ ಫಾನ್, ಅರುಮುಗಂ ಮತ್ತು ಸಂಗಡಿಗರು ಇಲಿಗಳ ಮಿದುಳಿನಲ್ಲಿ ಮಾತ್ರವಲ್ಲದೆ ಪಾರ್ಶ್ವವಾಯುವಿನಿಂದ ತೀರಿಕೊಂಡವರ ಮಿದುಳಿನ ಅಂಗಾಂಶದಲ್ಲಿಯೂ ಎನ್‌ಎಲ್‌ಆರ್‌ಪಿ1 ಮತ್ತು ಎನ್‌ಎಲ್‌ಆರ್‌ಪಿ3 ಪ್ರೋಟೀನುಗಳು ಹೆಚ್ಚಿರುವುದನ್ನು ತೋರಿಸಿದರು. ಆಗಿನಿಂದ ಇಲಿಗಳಲ್ಲಿ ಗ್ಯಾಸ್ಡರ್ಮಿನ್ ಅಥವಾ ಕ್ಯಾಸ್ಪೇಸ್-1 ಅನ್ನು ತಡೆದು ಹಾನಿ ಕುಗ್ಗಿಸಿದ ವರದಿಗಳು ಒಂದರ ಹಿಂದೊಂದು ಬಂದಿವೆ. ಆದರೂ ಚಿತ್ರ ನೇರವಾಗಿಲ್ಲ. 2015ರ ಡೆನೆಸ್ ಮತ್ತು ಸಂಗಡಿಗರ ಕೆಲಸದಲ್ಲಿ ಎನ್‌ಎಲ್‌ಆರ್‌ಪಿ3 ಇಲ್ಲದ ಇಲಿಗಳಿಗೆ ಯಾವ ರಕ್ಷಣೆಯೂ ಸಿಗಲಿಲ್ಲ. ಎನ್‌ಎಲ್‌ಆರ್‌ಸಿ4 ಮತ್ತು ಡಿಎನ್‌ಎಯನ್ನು ಗುರುತಿಸುವ ಎಐಎಂ2 ಎಂಬ ಬೇರೆ ಸಂವೇದಕಗಳನ್ನು ತೆಗೆದಾಗ ಮಾತ್ರ ಹಾನಿ ಕಡಿಮೆಯಾಯಿತು. ಹೆಪ್ಪು ಕಟ್ಟಿಸಿ ಮಾಡಿದ ಇನ್ನೊಂದು ಪ್ರಯೋಗದಲ್ಲಿಯೂ, 2019ರಲ್ಲಿ, ಹಾನಿಯ ಪ್ರಮಾಣ ಎನ್‌ಎಲ್‌ಆರ್‌ಪಿ3ರ ಮೇಲೆ ಅವಲಂಬಿಸಿಲ್ಲವೆಂದೇ ಕಂಡಿತು. ಇನ್ನೊಂದು ತೊಡಕು: ತೂತು ಬಿದ್ದ ಕೋಶವೆಲ್ಲ ಸಾಯುವುದಿಲ್ಲ. ಪೊರೆಯ ತೂತಾದ ಭಾಗವನ್ನು ಚಿವುಟಿ ಹೊರಗೆಸೆದು ದುರಸ್ತಿ ಮಾಡಿಕೊಳ್ಳುವ ವ್ಯವಸ್ಥೆ ಕೋಶಕ್ಕಿದೆಯೆಂದು 2018ರಲ್ಲಿ ತಿಳಿಯಿತು. ಹಾಗಾಗಿ ಅಂಗಾಂಶದಲ್ಲಿ ಕತ್ತರಿಸಿದ ಗ್ಯಾಸ್ಡರ್ಮಿನ್ ಕಂಡೊಡನೆ ಅಲ್ಲಿ ಉರಿಸಾವು ಆಗಿದೆ ಎಂದು ಬರೆದುಬಿಡುವ ಪ್ರಬಂಧಗಳನ್ನು ನಾನು ಎಚ್ಚರದಿಂದಲೇ ಓದುತ್ತೇನೆ. ಸಾಯುವ ಬಗೆಗಳ ನಡುವಿನ ಗೋಡೆಗಳೂ ತೆಳು. ಅಪೊಪ್ಟೋಸಿಸ್‌ನ ಕತ್ತರಿಯಾದ ಕ್ಯಾಸ್ಪೇಸ್-3, ಗ್ಯಾಸ್ಡರ್ಮಿನ್ ಇ ಎಂಬ ಸೋದರ ಪ್ರೋಟೀನನ್ನು ಕತ್ತರಿಸಿದರೆ ಮೌನವಾಗಿ ಉದುರಬೇಕಾದ ಎಲೆಯೂ ಹೊತ್ತಿಕೊಳ್ಳುತ್ತದೆ ಎಂಬುದು 2017ರಲ್ಲಿ ಗೊತ್ತಾಯಿತು.

ಹಾಗಾದರೆ ಉರಿಯನ್ನು ಆರಿಸಿದರೆ ಸಾಲದೇ? ಅಮ್ಮ ಆಸ್ಪತ್ರೆಯಲ್ಲಿದ್ದಾಗ ನಾನೂ ಇದನ್ನೇ ಕೇಳಿದ್ದೆ. ಈ ದಾರಿಯಲ್ಲಿ ನಡೆದು ನೋಡಿದವರ ಅನುಭವ ಕಷ್ಟದ್ದು. ಬಿಳಿ ರಕ್ತಕಣಗಳು ನಾಳಕ್ಕೆ ಅಂಟದಂತೆ ತಡೆಯುವ ಎನ್ಲಿಮೋಮ್ಯಾಬ್ ಎಂಬ ಪ್ರತಿಕಾಯವನ್ನು 625 ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2001ರಲ್ಲಿ ಪ್ರಕಟವಾಯಿತು: ಔಷಧ ಪಡೆದವರ ಸ್ಥಿತಿ ಪಡೆಯದವರಿಗಿಂತ ಕೆಟ್ಟದಾಗಿತ್ತು, ಸಾವು ಹೆಚ್ಚಿತ್ತು. ಇಂಟರ್‌ಲ್ಯೂಕಿನ್-1ರ ದಾರಿಯನ್ನು ಮುಚ್ಚಿದರೆ ಇಲಿಗಳ ಮಿದುಳು ಉಳಿಯುತ್ತದೆಂದು ಮ್ಯಾಂಚೆಸ್ಟರ್‌ನ ನ್ಯಾನ್ಸಿ ರಾಥ್‌ವೆಲ್ 1992ರಷ್ಟು ಹಿಂದೆಯೇ ತೋರಿಸಿದ್ದರು. ಅಲ್ಲಿನ ಗುಂಪು ಅದೇ ತಡೆಗಾರನನ್ನು ಮನುಷ್ಯರಿಗೆ ಕೊಟ್ಟು 2018ರಲ್ಲಿ ಪ್ರಕಟಿಸಿದ 80 ರೋಗಿಗಳ ಪರೀಕ್ಷೆಯಲ್ಲಿ ರಕ್ತದಲ್ಲಿನ ಉರಿಯೂತದ ಗುರುತುಗಳು ಸ್ಪಷ್ಟವಾಗಿ ಇಳಿದವು, ಆದರೆ ಮೂರು ತಿಂಗಳ ಕೊನೆಯಲ್ಲಿ ರೋಗಿಗಳ ಚೇತರಿಕೆಯಲ್ಲಿ ಲಾಭ ಕಾಣಲಿಲ್ಲ. ಇಪ್ಪತ್ತಾರು ವರ್ಷಗಳ ತಾಳ್ಮೆಯ ಕೆಲಸ ಅಲ್ಲಿಗೆ ಬಂದು ನಿಂತದ್ದನ್ನು ಓದಿದಾಗ ನನಗೆ ಆ ಸಂಶೋಧಕರ ಬಗ್ಗೆ ಗೌರವವೇ ಹೆಚ್ಚಿತು, ಏಕೆಂದರೆ ಅವರು ಫಲಿತಾಂಶವನ್ನು ಇದ್ದಂತೆಯೇ ಬರೆದಿದ್ದಾರೆ.

ಸೋಲಿಗೆ ಒಂದು ಕಾರಣ, ಈ ಉರಿಯು ಕೆಲವು ದಿನ ಸುಡುತ್ತದೆ, ಆಮೇಲೆ ಅದೇ ಕೋಶಗಳು ಕಟ್ಟುತ್ತವೆ. ಮೈಕ್ರೊಗ್ಲಿಯಗಳನ್ನು ಪೂರ್ತಿ ತೆಗೆದ ಇಲಿಗಳಲ್ಲಿ ಪಾರ್ಶ್ವವಾಯುವಿನ ಹಾನಿ ಹೆಚ್ಚಾಯಿತೆಂದು 2016ರಲ್ಲಿ ತಿಳಿಯಿತು. ಕಸ ಗುಡಿಸುವವರೂ, ಬಳಲಿದ ನರಕೋಶಗಳ ಬಿರುಸನ್ನು ತಣಿಸುವವರೂ ಅವೇ. ತಡೆಗೋಡೆಯ ಹೊಲಿಗೆ ಬಿಚ್ಚುವ ಎಂಎಂಪಿ-9 ಕಿಣ್ವವೇ ವಾರದ ನಂತರ ಹೊಸ ನಾಳಗಳ ಬೆಳವಣಿಗೆಗೆ ಬೇಕು. ಆ ಹೊತ್ತಿನಲ್ಲಿ ಅದನ್ನು ತಡೆದರೆ ಚೇತರಿಕೆ ಹಿಂದೆ ಬೀಳುತ್ತದೆ. ಇನ್ನೊಂದು ಕಾರಣ ಸೋಂಕು. ಪಾರ್ಶ್ವವಾಯುವಾದವರ ರೋಗನಿರೋಧಕ ಶಕ್ತಿ ಮೊದಲೇ ಕುಗ್ಗಿರುತ್ತದೆ, ನುಂಗುವುದು ಕಷ್ಟವಾಗಿ ನ್ಯುಮೋನಿಯ ಬರುತ್ತದೆ. ಇಂಟರ್‌ಲ್ಯೂಕಿನ್-1 ಬೀಟಾವನ್ನೇ ಹಿಡಿಯುವ ಕ್ಯಾನಕಿನುಮ್ಯಾಬ್ ಔಷಧವನ್ನು ಹತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳಲ್ಲಿ ಪರೀಕ್ಷಿಸಿದಾಗ, 2017ರ ವರದಿಯಂತೆ, ಹೃದಯಾಘಾತಗಳು ಕಡಿಮೆಯಾದವು, ಆದರೆ ಪ್ರಾಣ ತೆಗೆಯುವ ಸೋಂಕುಗಳು ಹೆಚ್ಚಾದವು. ಕಾವಲುಗಾರನ ಕೈ ಕಟ್ಟಿದರೆ ಆಗುವುದು ಇದೇ.

ಕಾಲ್ಚಿಸಿನ್ ಕುರಿತು ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮಳೆಗಾಲದಲ್ಲಿ ನಮ್ಮೂರಿನ ಬೇಲಿಗಳ ಮೇಲೆ ಕೆಂಪು-ಹಳದಿ ಜ್ವಾಲೆಗಳಂತೆ ಅರಳುವ ಅಗ್ನಿಶಿಖೆಯ ಗೆಡ್ಡೆ ಮತ್ತು ಬೀಜಗಳಲ್ಲಿ ಈ ರಾಸಾಯನಿಕವಿದೆ. ಗೌಟ್ ಎಂಬ ಕೀಲುರೋಗಕ್ಕೆ ಬಹುಕಾಲದಿಂದ ಕೊಡುವ ಈ ಔಷಧವು ಎನ್‌ಎಲ್‌ಆರ್‌ಪಿ3 ಜೋಡಣೆಗೂ ನ್ಯೂಟ್ರೊಫಿಲ್‌ಗಳ ಓಡಾಟಕ್ಕೂ ಅಡ್ಡಿಯಾಗುತ್ತದೆ. ಒಮ್ಮೆ ಪಾರ್ಶ್ವವಾಯುವಾದವರಿಗೆ ಅದು ಮರುಕಳಿಸದಂತೆ ಸಣ್ಣ ಪ್ರಮಾಣದ ಕಾಲ್ಚಿಸಿನ್ ಕೊಟ್ಟು ನೋಡಿದ ಎರಡು ದೊಡ್ಡ ಪರೀಕ್ಷೆಗಳು 2024ರಲ್ಲಿ ಪ್ರಕಟವಾದವು, ಒಂದು ಮುಖ್ಯವಾಗಿ ಯುರೋಪಿನದು, ಇನ್ನೊಂದು ಚೀನಾದ 8,300ಕ್ಕೂ ಹೆಚ್ಚು ರೋಗಿಗಳದು. ಎರಡೂ ತಮ್ಮ ಮುಖ್ಯ ಗುರಿಯನ್ನು ಮುಟ್ಟಲಿಲ್ಲ. ಇದನ್ನು ಓದಿ ಯಾರೂ ಬೇಲಿಯ ಗೆಡ್ಡೆಯನ್ನು ಮುಟ್ಟಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅಗ್ನಿಶಿಖೆಯ ಗೆಡ್ಡೆ ಕೊಲ್ಲುವ ವಿಷ.

ನನಗೆ ಹೆಚ್ಚು ಭರವಸೆ ಕೊಡುವ ಕೆಲಸ ಬೇರೆ ಎರಡು ಕಡೆ ನಡೆದಿದೆ. ಮೊದಲನೆಯದು ತೂತನ್ನೇ ಮುಚ್ಚುವ ಪ್ರಯತ್ನ. ಕುಡಿತ ಬಿಡಿಸಲು 1950ರ ದಶಕದಿಂದ ಕೊಡುತ್ತ ಬಂದಿರುವ ಡೈಸಲ್ಫಿರಾಮ್ ಮಾತ್ರೆಯು ಗ್ಯಾಸ್ಡರ್ಮಿನ್ ಡಿ ತೂತು ಮಾಡದಂತೆ ತಡೆಯುತ್ತದೆ ಎಂದು 2020ರಲ್ಲಿ ಬಾಸ್ಟನ್‌ನ ಹಾವ್ ವು ಮತ್ತು ಜೂಡಿ ಲೀಬರ್‌ಮನ್ ಅವರ ಗುಂಪುಗಳು ಕಂಡುಕೊಂಡವು. ಕಾವಲುಗಾರನ ಕಣ್ಣು ಕಿವಿಗಳನ್ನು ಮುಚ್ಚದೆ ಕೊನೆಯ ಹೆಜ್ಜೆಯೊಂದನ್ನೇ, ಅದೂ ಕೆಲವೇ ದಿನಗಳ ಮಟ್ಟಿಗೆ ತಡೆಯುವ ದಾರಿ ಇದರಲ್ಲಿ ಕಾಣುತ್ತದೆ. ಪಾರ್ಶ್ವವಾಯುವಿನ ರೋಗಿಗೆ ಇದನ್ನು ಕೊಡಬಹುದೆಂಬ ಪುರಾವೆ ಇದರಿಂದ ದೊರೆತಿಲ್ಲ. ಕೊಂಡಿ ಎಲ್ಲಿದೆ ಎಂಬುದು ಮಾತ್ರ ದೊರೆತಿದೆ. ಎರಡನೆಯದು ಮ್ಯೂನಿಕ್‌ನ ಆರ್ಥರ್ ಲೀಸ್ ಅವರ ಪ್ರಯೋಗಾಲಯದ್ದು. 2024ರಲ್ಲಿ ಅವರು ಪ್ರಕಟಿಸಿದಂತೆ, ಪಾರ್ಶ್ವವಾಯುವಾದ ಇಲಿಗಳಲ್ಲಿ ನ್ಯೂಟ್ರೊಫಿಲ್‌ಗಳು ಬಲೆಯಂತೆ ಚೆಲ್ಲಿದ ಡಿಎನ್‌ಎ ರಕ್ತದಲ್ಲಿ ಸಾಗಿ, ದೂರದ ನಾಳದ ಗೋಡೆಯಲ್ಲಿ ಕೂತ ಕೊಬ್ಬಿನ ಗಂಟಿನೊಳಗೆ ಎಐಎಂ2 ಇನ್‌ಫ್ಲಮಸೋಮ್ ಅನ್ನು ಎಬ್ಬಿಸಿ ಆ ಗಂಟು ಬಿರಿಯುವಂತೆ ಮಾಡುತ್ತದೆ. ಹೀಗೆ ಮೊದಲ ಪಾರ್ಶ್ವವಾಯುವೇ ಎರಡನೆಯದನ್ನು ಕರೆಯುತ್ತದೆ. ರಕ್ತದಲ್ಲಿನ ಆ ಡಿಎನ್‌ಎಯನ್ನು ಕರಗಿಸುವ ಕಿಣ್ವ ಕೊಟ್ಟಾಗ ಇಲಿಗಳಲ್ಲಿ ಮರುಕಳಿಕೆ ತಗ್ಗಿತು. ಮೊದಲ ಕೆಲವು ವಾರಗಳಲ್ಲಿ ಮತ್ತೊಮ್ಮೆ ಲಕ್ವ ಹೊಡೆಯುವ ಭಯ ಏಕೆ ಹೆಚ್ಚು ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಕಾರಣವನ್ನು ನಾನು ಬೇರೆಲ್ಲಿಯೂ ಓದಿರಲಿಲ್ಲ.

ಔಷಧಗಳ ವಿಷಯ ಹೀಗಿರುವಾಗ ವಾರ್ಡಿನಲ್ಲಿ ಇಂದು ಏನು ಮಾಡಬಹುದು ಎಂಬುದಕ್ಕೆ ಬಂದರೆ, ಇಂಟರ್‌ಲ್ಯೂಕಿನ್-1ರ ಅತ್ಯಂತ ಹಳೆಯ ಗುಣ ಜ್ವರ ತರಿಸುವುದು. 1996ರಲ್ಲಿ ಕೋಪನ್‌ಹೇಗನ್‌ನ ಅಧ್ಯಯನವೊಂದು, ಆಸ್ಪತ್ರೆಗೆ ಬಂದಾಗಿನ ಮೈ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಿದ್ದರೆ ಕೆಟ್ಟ ಫಲಿತಾಂಶದ ಸಂಭವ ಎರಡು ಪಟ್ಟಿಗೂ ಮೀರಿ ಏರುತ್ತದೆ ಎಂದಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ 19 ಘಟಕಗಳಲ್ಲಿ ದಾದಿಯರು ಮೊದಲ 72 ಗಂಟೆ ಜ್ವರ, ಸಕ್ಕರೆ ಮತ್ತು ನುಂಗುವಿಕೆ ಈ ಮೂರನ್ನೇ ಕಟ್ಟುನಿಟ್ಟಾಗಿ ನೋಡಿಕೊಂಡಾಗ, 90 ದಿನಗಳ ಕೊನೆಗೆ ತೀರಿಕೊಂಡವರು ಅಥವಾ ಪರಾವಲಂಬಿಗಳಾದವರು ಶೇ. 58ರ ಬದಲು ಶೇ. 42 ಎಂದು 2011ರಲ್ಲಿ ವರದಿಯಾಯಿತು. ಮೈಗೆ ತಂಪು ಹಾಯಿಸುವ ಯಂತ್ರದಿಂದ ಜ್ವರವೊಂದನ್ನೇ ತಡೆದು ನೋಡಿದ 2024ರ ಅಮೆರಿಕದ ನೇತೃತ್ವದ ಪರೀಕ್ಷೆಯಲ್ಲಿ ಜ್ವರ ಇಳಿದರೂ ಚೇತರಿಕೆ ಬದಲಾಗಲಿಲ್ಲ ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ನನಗನ್ನಿಸುವುದು, ಜ್ವರವು ಉರಿಯ ಹೊಗೆ. ಹೊಗೆಯೊಂದನ್ನೇ ಬೀಸಿ ಕಳೆದರೆ ಸಾಲದು, ಆದರೆ ಹೊಗೆ ಕಂಡವರು ಎಚ್ಚರಗೊಂಡು ಸಕ್ಕರೆಯನ್ನೂ ಗಂಟಲನ್ನೂ ನೋಡಿದಾಗ ರೋಗಿಗೆ ಉಪಕಾರವಾಗುತ್ತದೆ.

ಅಮ್ಮನ ಹಾಸಿಗೆಯ ಕಾಲಿಗೆ ನೇತುಹಾಕಿದ್ದ ಹಾಳೆಯ ಚಿತ್ರವೊಂದು ನನ್ನ ಫೋನಿನಲ್ಲಿ ಇನ್ನೂ ಇದೆ. ನಾಲ್ಕು ಗಂಟೆಗೊಮ್ಮೆ ಸಿಸ್ಟರ್ ಬಂದು ಮೈ ಬಿಸಿ, ಸಕ್ಕರೆ ಬರೆದು ಹೋಗುತ್ತಿದ್ದರು; ಒಂದು ಚಮಚ ನೀರನ್ನು ಕುಡಿಸಿ ಕೆಮ್ಮು ಬರುತ್ತದೆಯೇ ಎಂದು ನೋಡದೆ ನಮ್ಮ ಕೈಯಿಂದ ಗಂಜಿ ಕೊಡಿಸುತ್ತಿರಲಿಲ್ಲ. ಆಗ ಅದು ನನಗೆ ಅನಗತ್ಯ ಕಟ್ಟುನಿಟ್ಟಾಗಿ ಕಂಡಿತ್ತು, ಒಮ್ಮೆ ಬೇಸರದಿಂದ ಮಾತನ್ನೂ ಆಡಿದ್ದೆ. ಮೂರನೆಯ ದಿನದ ಸಂಜೆ ಆರು ಗಂಟೆಯ ಸಾಲಿನಲ್ಲಿ 38.1 ಎಂದಿದೆ, ರಾತ್ರಿ ಹತ್ತರ ಸಾಲಿನಲ್ಲಿ 37.6, ಐದನೆಯ ದಿನ ಬೆಳಿಗ್ಗೆ 36.9. ಐದನೆಯ ದಿನವೇ ಅಮ್ಮ ಪೂರ್ತಿ ಕಣ್ಣು ಬಿಟ್ಟು, ಹಾಲು ಉಕ್ಕಿ ಹೋಯಿತೇ ಎಂದು ಕೇಳಿದರು.